ಸೋಯಾಬೀನ್ ಹೊಲದ ದಾಖಲೆ: ಬೂಜು ತುಪ್ಪಟ ರೋಗ, ಇಲ್ಲಿಯವರೆಗೆ

ಜುಲೈ ಕೊನೆ. ಧಾರವಾಡದ ಕಡೆ ಜಿಟಿಜಿಟಿ ಮಳೆ ಬಿಡುತ್ತಲೇ ಇಲ್ಲ. ಹೊಲದ ತಗ್ಗಿನ ಸಾಲುಗಳಲ್ಲಿ ಎಳೆ ಎಲೆಗಳ ಮೇಲೆ ತಿಳಿ ಹಳದಿ ಚುಕ್ಕೆಗಳು. ಕಾಕಾ ನೋಡಿದವರೇ, "ತುಕ್ಕು ಬಂತು, ನಾಳೆನ ಎಣ್ಣಿ ಹೊಡಿಯೋಣು" ಅಂದರು. ಎಣ್ಣೆ ಅಂದರೆ ಇಲ್ಲಿ ರೋಗದ ಔಷಧಿ. ಅವರ ಭಯಕ್ಕೆ ಕಾರಣ ಇದೆ. ತುಕ್ಕು ರೋಗ ಉತ್ತರ ಕರ್ನಾಟಕದಲ್ಲಿ ಬಹಳ ಹಾನಿ ಮಾಡಿದೆ, ನಾವು ಬಿತ್ತಿದ್ದೂ ಅದಕ್ಕೆ ಬೇಗ ತುತ್ತಾಗುವ ಜೆಎಸ್ 335 ತಳಿ.

ಎಲೆ ತಿರುಗಿಸಿ ಲೆನ್ಸ್ ಹಿಡಿದೆ. ತುಕ್ಕಾದರೆ ಎಲೆಯ ಕೆಳಗೆ ಸಣ್ಣ ಉಬ್ಬಿದ ಗುಳ್ಳೆ, ಬೆರಳಿಗೆ ಕಂದು ಪುಡಿ ಹತ್ತುತ್ತದೆ. ಅದೂ ಸಾಮಾನ್ಯವಾಗಿ ಕೆಳಗಿನ ಹಳೆ ಎಲೆಗಳಿಂದ ಶುರು. ಇಲ್ಲಿ ಚುಕ್ಕೆಯ ಕೆಳಗೆ ಬೂದು ಬಣ್ಣದ ತುಪ್ಪಟ. ಖಚಿತವಾಗಲಿ ಅಂತ ಕೆಲವು ಎಲೆ ಕಿತ್ತು, ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ, ಬೆನ್ನು ಮೇಲೆ ಮಾಡಿ ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಗ್ಗೆ ತುಪ್ಪಟ ದಟ್ಟವಾಗಿ ಎದ್ದಿತ್ತು. ಬೂಜು ತುಪ್ಪಟ ರೋಗ ತರುವ ಪೆರೊನೊಸ್ಪೊರಾ ಮ್ಯಾನ್ಶೂರಿಕಾ, ಅನುಮಾನವೇ ಇಲ್ಲ.

ಎಣ್ಣೆ ಹೊಡೆಯಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಪೋಲಾಗುವುದು ಇಲ್ಲೇ. ಈ ರೋಗದ ಜೀವಿ ನಿಜವಾದ ಶಿಲೀಂಧ್ರ ಅಲ್ಲ, ಊಮೈಸೀಟ್ ಅನ್ನುವ ಬೇರೆಯದೇ ಗುಂಪು. ತುಕ್ಕಿಗೆ ಹೊಡೆಯುವ ಹೆಕ್ಸಾಕೊನಜೋಲ್, ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. ಈ ಜೀವಿ ಅದನ್ನು ತಯಾರಿಸುವುದೇ ಇಲ್ಲ, ಹಾಗಾದರೆ ತಡೆಯುವುದು ಏನನ್ನು? ಎಲ್ಲರ ಮನೆಯಲ್ಲಿರುವ ಶಿಲೀಂಧ್ರನಾಶಕ ಕಾರ್ಬೆಂಡಜಿಮ್ ಕೂಡ ಇದಕ್ಕೆ ನಾಟುವುದಿಲ್ಲ. ಮೆಟಲಾಕ್ಸಿಲ್ ಥರದವು ನಾಟುತ್ತವೆ ನಿಜ, ಆದರೆ ಈ ರೋಗದಿಂದ ಇಳುವರಿ ತುಂಬಾ ಕುಸಿಯುವುದು ಅಪರೂಪ, ಎಲೆ ಬಲಿತಷ್ಟೂ ತಾನೇ ತಡೆದುಕೊಳ್ಳುತ್ತದೆ.

ಆಗಸ್ಟ್. ಮಳೆ ಬಿಡುವು ಕೊಟ್ಟಿತು, ಬಿಸಿಲು ಬಿತ್ತು. ಹಳೆ ಚುಕ್ಕೆಗಳು ಕಂದಾದವು, ಹೊಸ ಎಲೆಗಳು ಬಹುಪಾಲು ಸ್ವಚ್ಛ. ಈಗ ಕಾಕಾ ತಾವೇ ಎಲೆ ತಿರುಗಿಸಿ ನೋಡುತ್ತಾರೆ, ಅದು ನನಗೆ ತುಂಬಾ ಖುಷಿ. ತುಕ್ಕಿನ ಕಾಲ ಇದೇ ಆದ್ದರಿಂದ ಕೆಳಗಿನ ಎಲೆಗಳ ಮೇಲೆ ಕಣ್ಣು ಇಟ್ಟೇ ಇದ್ದೆವು.

ಅಕ್ಟೋಬರ್, ಒಕ್ಕಣೆ ಮುಗಿಯಿತು. ನನಗೆ ಚಿಂತೆ ಇದ್ದಿದ್ದು ಬೀಜದ್ದು. ಕಾಯಿಯೊಳಗೂ ರೋಗ ಹೊಕ್ಕರೆ ಬೀಜದ ಮೇಲೆ ಬಿಳಿ ಪದರ ಕಟ್ಟುತ್ತದೆ, ಅದರಲ್ಲಿ ರೋಗದ ಗಟ್ಟಿ ಗೋಡೆಯ ಬೀಜಕಣ ಉಳಿದು ಮುಂದಿನ ಸಸಿಗೆ ದಾಟುತ್ತದೆ. ಅಂಥ ಕಾಳು ಸಿಕ್ಕವು, ತಗ್ಗಿನ ಸಾಲಿನದರಲ್ಲೇ ಜಾಸ್ತಿ. ಬಿತ್ತನೆಗೆ ಎತ್ತರದ ಕಡೆಯ ಕಾಳನ್ನು ಮಾತ್ರ ಆರಿಸಿ ಬೇರೆ ಚೀಲದಲ್ಲಿ ಇಟ್ಟಿದ್ದೇನೆ.

ಮುಂದಿನ ಕೆಲಸ: ಬಿತ್ತುವ ಮೊದಲು 100 ಕಾಳಿನ ಮೊಳಕೆ ಪರೀಕ್ಷೆ, 70ಕ್ಕಿಂತ ಕಡಿಮೆ ಬಂದರೆ ಬೇರೆ ಬೀಜ. ಉದುರಿದ ಎಲೆ ಮಣ್ಣಿನಡಿ ಹೋಗುವಂತೆ ಆಳವಾಗಿ ನೇಗಿಲು ಹೊಡೆಸಬೇಕು. ತಗ್ಗಿನ ಭಾಗಕ್ಕೆ ಮುಂದಿನ ಮುಂಗಾರಿಗೆ ಗೋವಿನಜೋಳ. ಎತ್ತರದಲ್ಲಿ ತುಕ್ಕು ತಡೆಯುವ ಡಿಎಸ್‌ಬಿ 21 ಅನ್ನು ಜೆಎಸ್ 335 ಪಕ್ಕದಲ್ಲೇ ಹಾಕಿ, ತುಪ್ಪಟ ಯಾವುದಕ್ಕೆ ಜಾಸ್ತಿ ಬರುತ್ತದೆ ಅಂತ ನೋಡುತ್ತೇನೆ.