ಕಲ್ಲಚ್ಚಿನ ಮುಂದೆ ಅಣ್ಣ

ಅಣ್ಣನದು ಹಾಸನದಲ್ಲಿ ಚಿಕ್ಕ ಆಫ್‌ಸೆಟ್ ಪ್ರೆಸ್. ಮದುವೆ ಕಾರ್ಡು, ಬಿಲ್ ಬುಕ್, ಜಾತ್ರೆಯ ಕರಪತ್ರ ಅಂತ ಅದರಲ್ಲೇ ಸಂಸಾರ ತೂಗಿಸಿದವನು. ಮಗಳು ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿ, ಒಳ್ಳೇ ಮಾರ್ಕ್ಸ್ ತೆಗೆದು, ಬಿವಿಎ ಮಾಡ್ತೀನಿ ಅಂತ ಹಟ ಹಿಡಿದಳು. ನಾಲ್ಕು ವರ್ಷದ ದೃಶ್ಯಕಲಾ ಪದವಿ. "ನೀನು ಓದಿ ಉದ್ಧಾರ ಆಗಿದ್ದು ಸಾಲದಾ? ಅವಳಿಗೆ ಬುದ್ಧಿ ಹೇಳು" ಅಂತ ಅಣ್ಣ ನನಗೆ ಫೋನ್ ಮಾಡಿದ. ಬುದ್ಧಿ ಹೇಳುವ ಬದಲು ಇಬ್ಬರನ್ನೂ ನಾನು ಓದಿದ ಚಿತ್ರಕಲಾ ಕಾಲೇಜಿಗೆ ಕರೆದುಕೊಂಡು ಹೋದೆ.

ಗೇಟಲ್ಲೇ ಶುರು ಮಾಡಿದ. "ಯೂಟ್ಯೂಬಲ್ಲಿ ಎಲ್ಲಾ ಇದೆಯಲ್ಲೋ. ಚಿತ್ರ ಬರೆಯೋಕೆ ಡಿಗ್ರಿ ಯಾಕೆ?"

ಬರೆಯೋಕೆ ಡಿಗ್ರಿ ಬೇಕಿಲ್ಲ, ನಿಜ. ಆದರೆ ಲೈಫ್ ಸ್ಟಡಿ ಕ್ಲಾಸಿನಲ್ಲಿ ಒಬ್ಬರು ಅಲ್ಲಾಡದೆ ಕೂತಿರುತ್ತಾರೆ. ಇಡೀ ಕ್ಲಾಸು ಅವರನ್ನೇ ಬರೆಯುತ್ತದೆ. ಸಂಜೆ ಎಲ್ಲರ ಹಾಳೆಗಳೂ ಸಾಲಾಗಿ ಗೋಡೆಗೆ ಏರುತ್ತವೆ. ಅದೇ ಮೂಗು, ಹತ್ತಾರು ಥರ. ನಮ್ಮದು ಎಲ್ಲಿ ಎಡವಿದೆ ಅಂತ ಮೇಷ್ಟ್ರು ಬಾಯಿಬಿಡುವ ಮೊದಲೇ ನಮಗೆ ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ಬರೆದರೆ ಅಮ್ಮ "ಚೆನ್ನಾಗಿದೆ ಪುಟ್ಟಾ" ಅಂತಾರೆ, ಅಷ್ಟೆ. ಇದನ್ನೆಲ್ಲ ಹೇಳಿದೆ. ಅಣ್ಣ ಆಕಳಿಸಿದ.

ಗ್ರಾಫಿಕ್ಸ್ (ಅಚ್ಚುಕಲೆ) ಸ್ಟುಡಿಯೋಗೆ ಹೋದ ಮೇಲೆ ಆಕಳಿಕೆ ನಿಂತಿತು. ಒಬ್ಬಳು ಹುಡುಗಿ ಲಿಥೋಗ್ರಫಿ, ಅಂದರೆ ಕಲ್ಲಚ್ಚು ಮಾಡುತ್ತಿದ್ದಳು. ದಪ್ಪನೆಯ ಸುಣ್ಣದಕಲ್ಲು, ಮೇಲ್ಮೈ ನುಣ್ಣಗೆ. ಅದರ ಮೇಲೆ ಜಿಡ್ಡಿನ ಕ್ರೇಯಾನ್‌ನಲ್ಲಿ ಬಸ್‌ಸ್ಟ್ಯಾಂಡಿನ ಚಿತ್ರ. ಬೋರ್ಡಿನ ಅಕ್ಷರವೆಲ್ಲ ಉಲ್ಟಾ. ಆಸಿಡ್ ಹನಿ ಬೆರೆಸಿದ ಗೋಂದು ಹಚ್ಚುವ ಕೆಲಸ ಆಗಲೇ ಮುಗಿದಿತ್ತು. ಒದ್ದೆ ಸ್ಪಂಜಿನಿಂದ ಕಲ್ಲನ್ನು ಒಮ್ಮೆ ಒರೆಸಿದಳು. ಇಂಕಿನ ರೋಲರ್ ಉರುಳಿಸಿದಳು. ನೀರಿದ್ದ ಕಡೆ ಇಂಕು ಕೂರಲಿಲ್ಲ, ಜಿಡ್ಡಿದ್ದ ಗೆರೆ ಮಾತ್ರ ಕಪ್ಪಗೆ ಎದ್ದುಬಂತು. ಮತ್ತೆ ಸ್ಪಂಜು, ಮತ್ತೆ ರೋಲರ್.

"ಅಯ್ಯೋ, ಇದು ನಮ್ಮ ಮೆಷಿನ್ನೇ ಅಲ್ವೇನೋ!" ಅಂದ ಅಣ್ಣ. "ನಾವೂ ಪ್ಲೇಟಿಗೆ ಗಮ್ ಹಚ್ತೀವಿ. ನೀರು ಜಾಸ್ತಿ ಆದ್ರೆ ಪ್ರಿಂಟ್ ಮಸುಕಾಗುತ್ತೆ, ಕಡಿಮೆ ಆದ್ರೆ ಕಾಗದವೆಲ್ಲ ಮಸಿ."

ಹುಡುಗಿ ನಕ್ಕು, "ನಮ್ಮ ಕಷ್ಟಾನೂ ಅದೇ ಅಂಕಲ್" ಅಂದಳು. ತಮ್ಮಲ್ಲಿ ಪ್ಲೇಟಿನ ಅಕ್ಷರ ಯಾಕೆ ನೇರ ಇರುತ್ತೆ ಅಂತ ಅಣ್ಣ ಅವಳಿಗೆ ವಿವರಿಸಿದ. ನಡುವೆ ರಬ್ಬರ್ ಬ್ಲಾಂಕೆಟ್ ಇದೆ, ಪ್ಲೇಟಿನಿಂದ ಅದಕ್ಕೆ, ಅದರಿಂದ ಕಾಗದಕ್ಕೆ, ಹೀಗೆ ಎರಡು ಸಲ ಉಲ್ಟಾ ಆಗಿ ನೇರವಾಗುತ್ತೆ ಅಂತ. ಕ್ಲಾಸೇ ತಗೊಂಡ. ಮಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಅಲ್ಲಿದ್ದ ಮೇಷ್ಟ್ರು ಉಳಿದ ಕಥೆ ಹೇಳಿದರು. 18ನೇ ಶತಮಾನದ ಕೊನೆಯಲ್ಲಿ ಇದನ್ನು ಕಂಡುಹಿಡಿದ ಜರ್ಮನಿಯ ಸೆನೆಫೆಲ್ಡರ್ ನಾಟಕ ಬರೆಯುತ್ತಿದ್ದವನು. ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಹಾಕಿಸೋಕೆ ದಾರಿ ಹುಡುಕುತ್ತಿದ್ದನಂತೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ, ಮನೆಮನೆಯ ಗೋಡೆಗೆ ಲಕ್ಷ್ಮಿ, ಸರಸ್ವತಿಯರನ್ನು ತಲುಪಿಸಿದ್ದೂ ಕಲ್ಲಚ್ಚಿನಿಂದಲೇ. ಅಷ್ಟು ವರ್ಷ ಪ್ರೆಸ್ ನಡೆಸಿದ ಅಣ್ಣನಿಗೆ ತನ್ನ ಕಸುಬಿಗೆ ಇಂಥ ಹಿಂದಿನವರಿದ್ದಾರೆ ಅಂತ ಯಾರೂ ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ. ಈ ಕಲ್ಲು, ಪ್ರೆಸ್ಸು, ಕೈಗೆ ಹತ್ತಿದ ಜಿಡ್ಡು, ಪಕ್ಕದಲ್ಲಿ ನಿಂತು ತಪ್ಪು ಹಿಡಿಯುವವರು, ಇವೆಲ್ಲ ಮನೆಗೆ ತಂದುಕೊಳ್ಳುವಂಥದ್ದಲ್ಲ. ಕಲೆಯನ್ನು ಕಾಲೇಜಿಗೆ ಹೋಗಿ ಓದಿ ಅಂತ ನಾನು ಹೇಳುವುದು ಇದಕ್ಕೇ.

ಕೆಲಸದ ವಿಷಯವನ್ನು ಮೇಷ್ಟ್ರು ಮುಚ್ಚಿಡಲಿಲ್ಲ. ಅಪ್ಲೈಡ್ ಆರ್ಟ್ ತಗೊಂಡವರಿಗೆ ಜಾಹೀರಾತು, ಪುಸ್ತಕ ವಿನ್ಯಾಸ, ಅನಿಮೇಷನ್ ಅಂತ ದಾರಿ ಇದೆ. ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್‌ನವರು ಮೊದಲ ಕೆಲವು ವರ್ಷ ಒದ್ದಾಡುತ್ತಾರೆ. ನಾನೂ ಒದ್ದಾಡಿದವನೇ. ಈಗಲೂ ತಿಂಗಳ ಕೊನೆ ಸಲೀಸಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಣ್ಣನದು ಬೇರೆಯೇ ವಾದ. ಯಾವ ಕಾಲೇಜು, ಮೈಸೂರಿನ ಕಾವಾನಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಾ, ದಾವಣಗೆರೆಯಾ? ಓದೋದಾದ್ರೆ ಅಪ್ಲೈಡ್ ಆರ್ಟೇ ಓದಲಿ. ಮಗಳು "ಯಾವ ವಿಭಾಗ ಅಂತ ಆಮೇಲೆ ನೋಡೋಣಪ್ಪ, ಮೊದಲು ಎಲ್ಲದರ ಬುನಾದಿ ಕಲೀತೀನಿ" ಅಂದಳು. "ಬಿಎಸ್ಸಿಗೂ ಒಂದು ಅರ್ಜಿ ಹಾಕಿಡು" ಅಂತ ಅಣ್ಣ ಗೊಣಗಿದ. ಚನ್ನರಾಯಪಟ್ಟಣ ದಾಟಿದ ಮೇಲೆ ನನ್ನ ಕಡೆ ತಿರುಗಿ, "ನಮ್ಮಲ್ಲಿ ಹಳೇ ಅಲ್ಯುಮಿನಿಯಂ ಪ್ಲೇಟು ಸುಮ್ನೆ ಗುಜರಿಗೆ ಹೋಗುತ್ತೆ. ಆ ಮೇಷ್ಟ್ರಿಗೆ ಬೇಕಾ ಕೇಳು" ಅಂದ.