ಸೇಂಟ್ ಪಾಲ್‌ನಲ್ಲಿ ಹಿರಿಯರ ಹಬ್ಬ

ದೀಪಾವಳಿ, ಯುಗಾದಿ ಆದರೆ ಇಲ್ಲಿನ ಕನ್ನಡದವರೆಲ್ಲ ಸೇರಿ ಹಾಲ್ ಬುಕ್ ಮಾಡುತ್ತಾರೆ. ಹಿರಿಯರ ಹಬ್ಬಕ್ಕೆ ಯಾರು ಹಾಲ್ ಬುಕ್ ಮಾಡ್ತಾರೆ? ಪಿತೃಪಕ್ಷದ ಅಮಾವಾಸ್ಯೆ ದಿನ ಅವರವರ ಸತ್ತವರಿಗೆ ಅವರವರ ಮನೆಯಲ್ಲೇ ಎಡೆ ಇಡಬೇಕು. ನಮ್ಮ ಮನೆಯ ಎಡೆಗೆ ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ ಆಗಬೇಕು. ತಾತನಿಗೆ ಬೀಡಿ, ಚಿಕ್ಕಪ್ಪನಿಗೆ ಒಂದು ಕ್ವಾರ್ಟರ್. ಇದನ್ನೆಲ್ಲ ಸಮಾರಂಭದ ಮೆನುವಿನಲ್ಲಿ ಹಾಕೋಕಾಗುತ್ತಾ?

2025ರಲ್ಲಿ ಈ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ, ಭಾನುವಾರವೇ ಬಿತ್ತು. ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ಊರಲ್ಲಿ. ಬೆಳಗ್ಗೆಯೇ ರೈತರ ಸಂತೆಗೆ ಹೋದೆ. ಹೀರೇಕಾಯಿ, ಹಾಗಲಕಾಯಿ, ಅಲಸಂದೆ, ಕುಂಬಳದ ಕುಡಿ ಎಲ್ಲ ಅಲ್ಲೇ ಸಿಗುತ್ತವೆ. ಬೆಳೆದು ತರುವವರಲ್ಲಿ ಬಹಳಷ್ಟು ಜನ ಹ್ಮಾಂಗ್ ಸಮುದಾಯದವರು. ಲಾವೋಸ್ ದೇಶದ ಬೆಟ್ಟಗಳಿಂದ ಬಂದವರು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಿಮ್ನಾಸ್ಟ್ ಸುನಿಸಾ ಲೀ ಇದೇ ಊರಿನ ಹ್ಮಾಂಗ್ ಹುಡುಗಿ.

ನಾನು ಮೂರು ವರ್ಷದಿಂದ ತರಕಾರಿ ತಗೊಳ್ಳೋದು ಒಬ್ಬ ಅಜ್ಜಿಯ ಹತ್ತಿರ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಕ್ಕದಲ್ಲಿ ಕಾಲೇಜು ಓದುವ ಮೊಮ್ಮಗಳು ಇರುತ್ತಾಳೆ. ನಾಟಿಕೋಳಿ ಸಿಗುವ ಜಾಗ ತೋರಿಸಿದ್ದೂ ಇವರೇ. ಅವರಲ್ಲಿ ಬಾಣಂತಿಗೆ ಒಂದು ತಿಂಗಳು ಸೊಪ್ಪು ಹಾಕಿ ಬೇಯಿಸಿದ ಕೋಳಿ ಸಾರೇ ಊಟ. ನಮ್ಮವ್ವ ಕೇಳಿದರೆ ‘ಮತ್ತಿನ್ನೇನು ಕೊಡ್ತಾರೆ’ ಅಂದಾಳು.

ಆವತ್ತು ಅಷ್ಟೊಂದು ತರಕಾರಿ ಯಾಕೆ ಅಂತ ಮೊಮ್ಮಗಳು ಕೇಳಿದಳು. ಸತ್ತವರನ್ನು ಊಟಕ್ಕೆ ಕರೆಯುತ್ತಿದ್ದೇವೆ ಅಂದೆ. ಇಂಥ ಮಾತಿಗೆ ಇಲ್ಲಿ ಬೇರೆ ಯಾರಾದರೂ ಮುಖ ಮುಖ ನೋಡುತ್ತಾರೆ. ಅಜ್ಜಿ ನೋಡಲಿಲ್ಲ. ಅವರಲ್ಲೂ ಹೊಸ ವರ್ಷದ ಹಬ್ಬಕ್ಕೆ ಮನೆಯ ಹಿರಿಯರು ಮೊದಲ ತುತ್ತು ತೆಗೆದಿಟ್ಟು, ಸತ್ತವರ ಹೆಸರು ಹೇಳಿ ಕರೆಯುತ್ತಾರೆ. ಸಂಜೆ ಬನ್ನಿ ಅಂದೆ. ಒಪ್ಪಿದರು.

ಅವರ ಮನೆಗೆ ನಾವು ಒಮ್ಮೆ ಹೋಗಿದ್ದೆವು. ಗೋಡೆಗೆ ಒಂದು ಕಸೂತಿ ಬಟ್ಟೆ ತೂಗುಹಾಕಿದ್ದರು. ನನ್ನ ಹೆಂಡತಿ ಹಾವೇರಿ ಕಡೆಯವಳು, ಕೌದಿ ನೋಡಿ ಬೆಳೆದವಳು. ನೇರ ಹೋಗಿ ಹೊಲಿಗೆ ಮುಟ್ಟಿ ನೋಡಿದಳು. ಅಂಚಿನ ತುಂಬ ತ್ರಿಕೋನ. ಮೇಲೆ ವಿಮಾನ, ನಡುವೆ ಹಸಿರು ಬಟ್ಟೆಯ ಸೈನಿಕರು, ಕೆಳಗೆ ನೀಲಿ ಪಟ್ಟಿಯಾಗಿ ಮೆಕಾಂಗ್ ನದಿ. ನದಿಯಲ್ಲಿ ಬಿದಿರು ತಬ್ಬಿಕೊಂಡು ತೇಲುವ ಜನ, ಒಬ್ಬೊಬ್ಬರೂ ಹೆಬ್ಬೆರಳಿನಷ್ಟು. ಒಬ್ಬ ಹೆಂಗಸಿನ ಬೆನ್ನ ಮೇಲೆ ಕೂಸು. ಆ ಕೂಸು ನನ್ನ ತಂಗಿ ಅಂದರು ಅಜ್ಜಿ. ಸೈನಿಕರಿಗೆ ಅಳು ಕೇಳಿಸಬಾರದು ಅಂತ ಕೂಸುಗಳಿಗೆ ಚೂರು ಅಫೀಮು ತಿನ್ನಿಸುತ್ತಿದ್ದರಂತೆ. ತಂಗಿಗೆ ಜಾಸ್ತಿಯಾಯಿತು. ಎಚ್ಚರವಾಗಲೇ ಇಲ್ಲ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಲಾವೋಸ್‌ನಲ್ಲಿ ಗುಟ್ಟಾಗಿ ಇನ್ನೊಂದು ಯುದ್ಧ ನಡೆಸಿತು. ಕಮ್ಯುನಿಸ್ಟರ ವಿರುದ್ಧ ಕಾದಾಡಲು ಹ್ಮಾಂಗ್ ಹುಡುಗರನ್ನು ಸೇರಿಸಿತು. ಜನರಲ್ ವಾಂಗ್ ಪಾವ್ ಅವರ ನಾಯಕ, ಲಾಂಗ್ ಚೆಂಗ್ ಅವರ ನೆಲೆ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿದವು. 1975ರ ಮೇ ತಿಂಗಳಲ್ಲಿ ಲಾಂಗ್ ಚೆಂಗ್ ಬಿತ್ತು. ಕೊನೆಯ ವಿಮಾನಗಳಲ್ಲಿ ಜಾಗ ಸಿಕ್ಕಿದ್ದು ಹೆಚ್ಚಾಗಿ ಅಧಿಕಾರಿಗಳಿಗೆ, ಅವರ ಮನೆಯವರಿಗೆ. ಉಳಿದವರು ಓಡುದಾರಿಯಲ್ಲೇ ದಿಕ್ಕು ತೋಚದೆ ನಿಂತರು. ಗೆದ್ದ ಸರ್ಕಾರದ ಕಣ್ಣಿಗೆ ಅವರು ಶತ್ರುವಿನ ಕೂಲಿಗಳು.

ಕೆಲವರು ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು. ಅಜ್ಜಿ ಹಾಗೆ ಬಂದವರು, ಆಗ ಅವರಿಗೆ ಹದಿನಾರು. ಇನ್ನು ಕೆಲವರು ಲಾವೋಸ್‌ನ ಅತಿ ಎತ್ತರದ ಬೆಟ್ಟ ಫೂ ಬಿಯಾ ಸುತ್ತಿನ ಕಾಡು ಹೊಕ್ಕರು. ಅಜ್ಜಿಯ ಅಣ್ಣ ಹಾಗೆ ಹೋದವನು.

ಕಾಡಿನಲ್ಲಿ ಅವರು ದಶಕಗಟ್ಟಲೆ ಗೆಡ್ಡೆ ಅಗೆದು ತಿಂದು, ಕೆಲವು ವಾರಕ್ಕೊಮ್ಮೆ ಜಾಗ ಬದಲಿಸಿ ಬದುಕಿದರು. ಲಾವೋಸ್ ಸೇನೆ ಹುಡುಕಿಕೊಂಡು ಬರುತ್ತಿತ್ತು. ಗುಂಡಿಗೆ ಬಿದ್ದವರಲ್ಲಿ ಹೆಂಗಸರು, ಮಕ್ಕಳೂ ಇದ್ದಾರೆ ಅಂತ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2007ರಲ್ಲಿ ವರದಿ ಮಾಡಿತು. ಲಾವೋಸ್ ಸರ್ಕಾರ ಒಪ್ಪುವುದಿಲ್ಲ. ಕಾಡಿನಲ್ಲಿರುವವರು ಡಕಾಯಿತರು ಅನ್ನುತ್ತದೆ. ಬಸ್ಸುಗಳ ಮೇಲೆ ನಡೆದ ದಾಳಿಗಳ ಆರೋಪ ಅವರ ಮೇಲೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಲಾವೋಸ್‌ನ ಹ್ಮಾಂಗ್ ಜನರೆಲ್ಲ ಕಾಡಿನಲ್ಲೇ ಇದ್ದಾರೆ ಅಂತಲೂ ಅಲ್ಲ. ಪಾನಿ ಯಾಥೊಟು ಎಂಬ ಹ್ಮಾಂಗ್ ಮಹಿಳೆ ಅಲ್ಲಿನ ಸಂಸತ್ತಿನ ಅಧ್ಯಕ್ಷೆಯಾಗಿದ್ದವರು. ಆದರೆ ಇದರಿಂದ ಕಾಡಿನಲ್ಲಿ ಅಡಗಿದ ಕೂಸಿನ ಹೊಟ್ಟೆ ತುಂಬಲಿಲ್ಲ.

ಅಣ್ಣನ ದನಿ ಅಜ್ಜಿ ಕೊನೆಯ ಸಲ ಕೇಳಿದ್ದು 2006ರಲ್ಲಿ. ಇಲ್ಲಿನ ನೆಂಟರೆಲ್ಲ ದುಡ್ಡು ಹಾಕಿ ಕಾಡಿಗೆ ಸ್ಯಾಟಲೈಟ್ ಫೋನ್ ಕಳಿಸಿದ್ದರಂತೆ. ‘ಅಮೆರಿಕದವರಿಗೆ ಹೇಳು, ನಾವಿನ್ನೂ ಇಲ್ಲೇ ಇದ್ದೇವೆ’ ಅಂದನಂತೆ. ಇಲ್ಲಿನವರು ಹೇಳದೆ ಬಿಟ್ಟಿಲ್ಲ. ವಾಷಿಂಗ್ಟನ್‌ಗೆ ಹೋದರು, ವಿಶ್ವಸಂಸ್ಥೆಯ ಮುಂದೆ ನಿಂತರು. ಹೊರಗಿನವರನ್ನು ಆ ಕಾಡಿಗೆ ಬಿಡಿ, ಊಟ ಔಷಧಿಯನ್ನಾದರೂ ಮುಟ್ಟಿಸಲು ಬಿಡಿ ಅನ್ನುವುದು ಅವರ ಬೇಡಿಕೆ. ವಿಶ್ವಸಂಸ್ಥೆಯ ತಜ್ಞರು ಲಾವೋಸ್‌ಗೆ ಪತ್ರ ಬರೆದದ್ದೂ ಆಯಿತು.

ಅಣ್ಣನ ಮಗಳು ಹೇಗೋ ಗಡಿ ದಾಟಿ ಥಾಯ್ಲೆಂಡಿನ ಹುವಾಯ್ ನಾಮ್ ಖಾವ್ ಶಿಬಿರ ಸೇರಿದ್ದಳು. 2009ರ ಡಿಸೆಂಬರ್ 28ರಂದು ಥಾಯ್ ಸೇನೆ ಅಲ್ಲಿದ್ದ 4,000ಕ್ಕೂ ಹೆಚ್ಚು ಜನರನ್ನು ವಾಹನಗಳಿಗೆ ಹತ್ತಿಸಿ ಲಾವೋಸ್‌ಗೆ ವಾಪಸ್ ಕಳಿಸಿತು. ಅವರಲ್ಲಿ ಯಾರಿಗೆ ಆಸರೆ ಬೇಕು ಅಂತ ಕೇಳಲು ವಿಶ್ವಸಂಸ್ಥೆಯವರನ್ನು ಒಳಗೇ ಬಿಟ್ಟಿರಲಿಲ್ಲ. ಅಮೆರಿಕ ಬೇಡ ಅಂದಿತು, ವಿಶ್ವಸಂಸ್ಥೆ ಬೇಡ ಅಂದಿತು. ಬಸ್ಸು ನಿಲ್ಲಲಿಲ್ಲ. ಈಗ ಅವಳು ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ. ಮಳೆ ಬಂತು, ಭತ್ತ ಚೆನ್ನಾಗಿದೆ ಅನ್ನುತ್ತಾಳೆ. ಅಪ್ಪನ ಸುದ್ದಿ ಕೇಳಿದರೆ ಮತ್ತೆ ಮಳೆಯ ಸುದ್ದಿ.

ನಾನು ಪಿರಿಯಾಪಟ್ಟಣದ ಕಡೆಯವನು, ಬೈಲಕುಪ್ಪೆಯ ಪಕ್ಕ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅಲ್ಲಿ ಟಿಬೆಟಿಯನ್ನರಿಗೆ ಕಾಡು ಜಾಗ ಕೊಟ್ಟಿತು. ಅವರು ಅದನ್ನು ಕಡಿದು, ಹಸನು ಮಾಡಿ ಮುಸುಕಿನ ಜೋಳ ಬೆಳೆದರು. ಅಪ್ಪ ಅವರ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಿರಾಶ್ರಿತರು ಅಂದರೆ ನನಗೆ ಸ್ವೆಟರ್ ಮಾರುವವರು, ಅಷ್ಟೆ. ನಿರಾಶ್ರಿತರ ಬಗ್ಗೆ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಥಾಯ್ಲೆಂಡ್ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಆದರೂ ಬೈಲಕುಪ್ಪೆಯ ಜನರನ್ನು ಕರೆದೊಯ್ಯಲು ಯಾವ ಬಸ್ಸೂ ಬರಲಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯೋಕೆ ನಾನು ಸೇಂಟ್ ಪಾಲ್‌ಗೆ ಬರಬೇಕಾಯಿತು.

ಸಂಜೆ ಅಜ್ಜಿ, ಮೊಮ್ಮಗಳು ಬಂದರು. ಕೈಯಲ್ಲಿ ಒಂದು ಸಿಹಿಗುಂಬಳ. ಅಪ್ಪನ ಫೋಟೋ ಮುಂದೆ ಬಾಳೆ ಎಲೆ ಹಾಸಿ, ಹೊಸ ಪಂಚೆ ಇಟ್ಟು, ಎಲ್ಲ ಬಡಿಸಿದೆವು. ಬೀಡಿ ಸಿಕ್ಕಿರಲಿಲ್ಲ, ತಾತ ಸಿಗರೇಟಿಗೇ ಒಗ್ಗಿಕೊಳ್ಳಬೇಕಾಯಿತು. ಸಾಂಬ್ರಾಣಿ ಹಾಕಿ, ಕೈಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಕಾರಿಡಾರಿಗೆ ಬಂದೆವು. ಹಿರಿಯರು ಊಟ ಮಾಡುವಾಗ ನಾವು ನೋಡಬಾರದು.

ಅಲ್ಲಿ ನಿಂತೇ ಮೊಮ್ಮಗಳು ಅವರ ಪದ್ಧತಿ ಹೇಳಿದಳು. ಯಾರಾದರೂ ಸತ್ತರೆ ದಾರಿ ತೋರಿಸುವ ಹಾಡು ಹಾಡುತ್ತಾರಂತೆ. ಬದುಕಿದ ಊರುಗಳನ್ನು ಹಿಂದಿನಿಂದ ಒಂದೊಂದೇ ಹೇಳಿಕೊಂಡು, ಹುಟ್ಟಿದಾಗ ಮಾಸು ಹೂತ ಮನೆಗೆ ಮುಟ್ಟಿಸಬೇಕು. ಅಜ್ಜಿಗಾದರೆ ಸೇಂಟ್ ಪಾಲ್, ಆಮೇಲೆ ಥಾಯ್ಲೆಂಡಿನ ಬಾನ್ ವಿನಾಯ್ ಶಿಬಿರ, ಆಮೇಲೆ ನದಿ, ಆಮೇಲೆ ಊರು. ಶಿಬಿರದಲ್ಲಿ ಹುಟ್ಟಿದವರ ಮಾಸು ಶಿಬಿರದ ಮಣ್ಣಲ್ಲೇ. 2025ರಲ್ಲೇ ಹಳೆಯ ಕೇಸುಗಳಿದ್ದ ಕೆಲವು ಹ್ಮಾಂಗ್ ಜನರನ್ನು ಅಮೆರಿಕದಿಂದ ಲಾವೋಸ್‌ಗೆ ಗಡೀಪಾರು ಮಾಡಿದ್ದರು. ಅವರಲ್ಲಿ ಲಾವೋಸ್ ಕಣ್ಣಲ್ಲೇ ಕಾಣದವರೂ ಇದ್ದರು.

ಅಜ್ಜಿ ಸುಮ್ನೆ ಮುಚ್ಚಿದ ಬಾಗಿಲು ನೋಡುತ್ತಿದ್ದರು. ಮೊಮ್ಮಗಳು ದನಿ ತಗ್ಗಿಸಿ ಕೇಳಿದಳು: “ಅಜ್ಜಿಯ ಅಣ್ಣನಿಗೂ ಒಂದು ಎಲೆ ಹಾಕಬಹುದಾ?”

ನನಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಐದು ಗಂಟೆ, ಅವ್ವ ಎದ್ದು ಬಾಗಿಲಿಗೆ ನೀರು ಹಾಕುವ ಹೊತ್ತು.

“ಸತ್ತ ದಿನ ಗೊತ್ತಿಲ್ದೋರಿಗೇ ಅಲ್ವಾ ಮಗ ಈ ಅಮಾಸೆ ಇರೋದು,” ಅಂದಳು ಅವ್ವ. “ಇಡೋಕ್ ಹೇಳು. ಪಾಪ, ಯಾವ ಕಾಡಲ್ಲಿ ಹೋದ್ನೋ.”

ಮೊಮ್ಮಗಳು ಅದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ತಲೆ ಅಲ್ಲಾಡಿಸಿ ಎರಡೇ ಮಾತು ಆಡಿದರು.

“ಬೇಡವಂತೆ,” ಅಂದಳು ಹುಡುಗಿ. “ಅವನಿಗಿನ್ನೂ ಎಂಬತ್ತೂ ಆಗಿಲ್ಲ ಅಂತಿದ್ದಾಳೆ.”

ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದೆವು. ಅಜ್ಜಿಗೆ ಮೊದಲು ಬಡಿಸಿದೆ. ಕೋಳಿ ಸಾರಿಗೆ ಖಾರ ಸಾಲದು ಅಂದರು. ಕಜ್ಜಾಯ ಎರಡು ತಿಂದರು. ಮುದ್ದೆಯನ್ನು ಮಾತ್ರ ಬೆರಳಲ್ಲಿ ಒತ್ತಿ ನೋಡಿ, ನಕ್ಕು, ಎಲೆಯ ತುದಿಗೆ ತಳ್ಳಿದರು.