ವಿಲ್ಲಾದ ಅಡಿಯ ಹಟ್ಟಿ

ರೋಮನ್ ವಿಲ್ಲಾದ, ಅಂದರೆ ರೋಮನ್ನರ ಕಾಲದ ಹಳ್ಳಿಗಾಡಿನ ದೊಡ್ಡ ಮನೆಯ, ಉತ್ಖನನ ಎಂದೊಡನೆ ಜನ ಕೇಳುವುದು ಮೊಸಾಯಿಕ್ ನೆಲ ಸಿಕ್ಕಿತೇ ಎಂದು. ದಕ್ಷಿಣ ಇಂಗ್ಲೆಂಡಿನ ಆ ಹೊಲದಲ್ಲಿ ಅಂದು ನಮ್ಮ ಪಾಲಿಗೆ ಬಂದ ಮೂಲೆಯಲ್ಲಿ ನೆಲವೂ ಇಲ್ಲ, ಗೋಡೆಯೂ ಇಲ್ಲ, ಬರೀ ಮಣ್ಣಿನ ಬಣ್ಣ. ವಿಲ್ಲಾ ಏಳುವ ಮೊದಲು ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಕಬ್ಬಿಣ ಯುಗದವರ ಹಟ್ಟಿ ಸಿಗುವುದು ಇಂಥ ಕಡೆಯೇ.

ಸುಮಾರು 30 ಸೆಂ.ಮೀ. ಉಳುಮೆ ಮಣ್ಣನ್ನು ಯಂತ್ರ ಮೊದಲೇ ತೆಗೆದಿತ್ತು. ಯಂತ್ರದ ಬಕೆಟ್ಟಿಗೆ ಹಲ್ಲಿರಬಾರದು. ಹಲ್ಲಿನ ಗೀರು ಆಮೇಲೆ ನೇಗಿಲ ಸಾಲಿನಂತೆ ಕಂಡು ದಾರಿ ತಪ್ಪಿಸುತ್ತದೆ. ಅಲ್ಲಿಂದ ಮುಂದೆ ಕರಣೆಯ ಕೆಲಸ. 4 ಇಂಚಿನ ಅಲಗಿನ ಅಂಚಿನಿಂದ ಮಣ್ಣನ್ನು ತನ್ನತ್ತ ಹೆರೆಯುತ್ತ ಹಿಂದಕ್ಕೆ ಸರಿಯಬೇಕು, ಹೆರೆದ ಜಾಗವನ್ನು ತುಳಿಯುವಂತಿಲ್ಲ. ರಾತ್ರಿ ತುಂತುರು ಬಿದ್ದಿದ್ದರಿಂದ ಎರಡು ಗುರುತು ಎದ್ದು ಕಂಡವು: ಗಾರೆಪುಡಿ ತುಂಬಿದ ಒಂದು ನೇರ ಪಟ್ಟಿ, ಅದರಡಿ ನುಸುಳಿಹೋದ ಒಂದು ಕಪ್ಪು ಬಾಗು ಗೆರೆ.

ನೇರ ಪಟ್ಟಿ ಗೋಡೆಯಲ್ಲ, ಗೋಡೆ ಕಿತ್ತ ಗುಂಡಿ. ಮಧ್ಯಯುಗದವರು ಚರ್ಚಿಗೋ ಕಣಜಕ್ಕೋ ಕಲ್ಲು ಒಯ್ದು ಗಾರೆಯನ್ನಷ್ಟೇ ಬಿಟ್ಟು ಹೋಗುತ್ತಿದ್ದರು. ಅದರೊಳಗಿನ ಮಡಕೆ ಚೂರು ಕಲ್ಲು ಕಿತ್ತ ಕಾಲವನ್ನು ಹೇಳುತ್ತದೆಯೇ ಹೊರತು ಗೋಡೆ ಕಟ್ಟಿದ ಕಾಲವನ್ನಲ್ಲ. ಇವೆರಡನ್ನು ಬೆರೆಸಿದರೆ ವಿಲ್ಲಾದ ವಯಸ್ಸೇ ಸಾವಿರ ವರ್ಷ ಜಾರುತ್ತದೆ.

ಬಾಗು ಗೆರೆ ಕಬ್ಬಿಣ ಯುಗದ ದುಂಡು ಮನೆಯ ಸುತ್ತಲಿನ ಕಿರುಗಾಲುವೆ. ಸೂರಿನ ನೀರು ಹರಿದುಹೋಗಲು ತೋಡಿದ್ದು. ಎರಡೂ ಕೂಡುವಲ್ಲಿ ಒಂದು ಮೀಟರ್ ಅಗಲದ ಸೀಳು ತೆಗೆದೆವು. ಕೊನೆಗೆ ತುಂಬಿದ್ದನ್ನು ಮೊದಲು ಖಾಲಿ ಮಾಡಬೇಕು: ಕಲ್ಲು ಕಿತ್ತ ಗುಂಡಿ, ಆಮೇಲೆ ತಳಪಾಯ, ಕೊನೆಗೆ ಕಾಲುವೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲೆಗಳು ಮಾಸಿದವು. ಆಗ ನೀರು ಚಿಮುಕಿಸಿ, ಅರೆಬರೆ ಒಣಗುವಾಗ ನೋಡಬೇಕು. ಹದ ಕ್ಷಣಮಾತ್ರ ಇರುತ್ತದೆ.

ಕಾಲುವೆಯ ಮೇಲ್ಪದರದಲ್ಲಿ ಗಾಲ್‌ನಿಂದ (ಇಂದಿನ ಫ್ರಾನ್ಸ್ ಕಡೆಯಿಂದ) ಬಂದ, ರೋಮನ್ ಕಾಲದ ನುಣುಪು ಕೆಂಪು ಸೇಮಿಯನ್ ಮಡಕೆಯ ಚಿಕ್ಕ ಚೂರೊಂದು ಸಿಕ್ಕಿತು. ಕೆಳಗೆಲ್ಲ ಚಿಪ್ಪುಪುಡಿ ಬೆರೆಸಿ ಕೈಯಲ್ಲೇ ತಟ್ಟಿದ, ಹಟ್ಟಿಯವರ ಮಡಕೆ. ಒಂದು ಚೂರಿಗಾಗಿ ಕಾಲುವೆಯನ್ನು ರೋಮನ್ನರದೆನ್ನಲಾಗದು. ಎರೆಹುಳು ಎಷ್ಟೋ ಚೂರನ್ನು ಕೆಳಗಿಳಿಸುತ್ತದೆ. ಸರ್ರೆಯ ಆಬಿಂಜರ್‌ನಲ್ಲಿ 1877ರಲ್ಲಿ ಡಾರ್ವಿನ್ ಈ ಹುಳುಗಳ ಕೆಲಸವನ್ನು ಗಮನಿಸಿದ್ದು ರೋಮನ್ ಅವಶೇಷದ ಮೇಲೆಯೇ. ಮೊಲದ ಬಿಲವಾದರೆ ಪತ್ತೆ ಸುಲಭ: ಮಣ್ಣು ಸಡಿಲ, ಪಕ್ಕ ಒಳಕ್ಕೆ ಕೊರೆದಿರುತ್ತದೆ.

ದುಂಡು ಮನೆಯ ಕಂಬದ ಗುಳಿಗಳನ್ನು ಅರ್ಧ ಮಾತ್ರ ತೆಗೆದು, ಸೀಳುಮುಖವನ್ನು 1:10 ಅಳತೆಯಲ್ಲಿ ಬರೆದು, ಆಮೇಲೆ ಉಳಿದರ್ಧ. ಇದ್ದಿಲ ಚುಕ್ಕಿ ನಿಂತಲ್ಲಿ ಕೈ ನಿಧಾನಿಸಬೇಕು. ಉತ್ಸಾಹಕ್ಕೆ ಮುಂದುವರಿದರೆ ಯಾರೂ ಅಗೆಯದ ಮೂಲಮಣ್ಣಿನಲ್ಲೇ ಹೊಸ ಗುಳಿ ತೋಡಿದಂತೆ.

ಇಂಥ ವೃತ್ತ ಪೂರ್ತಿ ಕಾಣಬೇಕಾದರೆ ನಡುವೆ ಗೋಡೆ ಬಿಡದೆ ಇಡೀ ಜಾಗವನ್ನು ಬಯಲಾಗಿ ತೆರೆಯಬೇಕು. 1930ರ ದಶಕದ ಆರಂಭದಲ್ಲಿ ಇಲ್ಲಿನ ರೋಮನ್ ಪಟ್ಟಣ ವೆರುಲಾಮಿಯಮ್ ಅಗೆದು, 1947ರಲ್ಲಿ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗೆ ಬಂದ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅವರ ಚೌಕ ಪದ್ಧತಿಯಲ್ಲಿ ಚೌಕಗಳ ನಡುವೆ ಮಣ್ಣಿನ ಗೋಡೆ ಬಿಡುತ್ತಾರೆ. ಸ್ತರ ಓದಲು ಅದಕ್ಕೆ ಸಾಟಿಯಿಲ್ಲ, ಒಪ್ಪುತ್ತೇವೆ. ಆದರೆ ದುಂಡು ಮನೆಯ ಅರ್ಧ ಗೆರೆ ಆ ಗೋಡೆಗಳಡಿಯೇ ಅಡಗಿಬಿಡುತ್ತದೆ.

ಸಂಜೆ ಕಾಲುವೆಯ ತಳದಿಂದ 40 ಲೀಟರ್ ಮಣ್ಣು ತೆಗೆದು ಬಕೆಟ್ಟುಗಳಲ್ಲಿಟ್ಟೆವು. ನೀರಿನಲ್ಲಿ ತೇಲಿಸಿದಾಗ ಸುಟ್ಟ ಧಾನ್ಯ ಸಣ್ಣ ಜಾಲರಿಯಲ್ಲಿ ನಿಲ್ಲುತ್ತದೆ. ಕಾಲನಿರ್ಣಯಕ್ಕೆ ಧಾನ್ಯವೇ ವಾಸಿ: ಅದು ಒಂದೇ ವರ್ಷದ ಬೆಳೆ. ಮುದಿ ಓಕ್ ಮರದ ಇದ್ದಿಲು ತಾನು ಉರಿದ ಕಾಲಕ್ಕಿಂತ ನೂರಾರು ವರ್ಷ ಹಿಂದಕ್ಕೆ ತೋರಿಸಬಲ್ಲದು. ಧಾನ್ಯವೂ ಕ್ರಿ.ಪೂ. 800–400ರ ನಡುವಿನದಾದರೆ ಕಷ್ಟವೇ; ಉಳಿದ ಕಾರ್ಬನ್ನಿನಿಂದ ವಯಸ್ಸು ಲೆಕ್ಕಹಾಕುವ ರೇಡಿಯೊಕಾರ್ಬನ್ ರೇಖೆ ಆ ಅವಧಿಯಲ್ಲಿ ಸಮತಟ್ಟಾಗಿದೆ, ಶತಮಾನಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಮತ್ತೆ ಮಡಕೆ ಚೂರಿನ ಮೊರೆ. ಅದಕ್ಕೇ ಪ್ರತಿ ಚೀಲಕ್ಕೂ ಸ್ತರದ ಸಂಖ್ಯೆ ಬರೆದ ನೀರು ತಾಗದ ಚೀಟಿ ಎರಡು: ಒಳಗೊಂದು, ಹೊರಗೊಂದು. ಕಬ್ಬಿಣದ ತುಂಡುಗಳನ್ನು ಮಾತ್ರ ತೊಳೆಯದೆ, ಬೇರೆಯಾಗಿ ಒಣಡಬ್ಬಿಗೆ ಹಾಕಿ ಎಕ್ಸ್‌ರೇಗೆ ಕಳಿಸುತ್ತೇವೆ.